ಗ್ರೋಕ್ ಎಂಬ ಶಬ್ದವೂ ನನ್ನ ಪತ್ರೊಡೆಯೂ

ನಾಲ್ಕು ಜನ ನೋಡುತ್ತಿದ್ದರೂ ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಉಣ್ಣಬಲ್ಲವಳು ನಾನು. ಮುಂಬಯಿ ಹೊರವಲಯದ ಠಾಕುರ್ಲಿಯಲ್ಲಿ ದಿನಾ ಲೋಕಲ್ ಗಾಡಿ ಹತ್ತುವವರಿಗೆ ಸಂಕೋಚ ಎಲ್ಲಿ ಉಳಿದೀತು? ಆದರೆ ಮಹಾಪೆಯ ನಮ್ಮ ಆಫೀಸಿನಲ್ಲಿ, ಎದುರು ಕುರ್ಚಿಯ ಸುಲಭಾಳ ನೋಟಕ್ಕೆ ಮಾತ್ರ ನನ್ನ ತುತ್ತು ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು. ಅವಳು ಬೇಡುವವಳಲ್ಲ. ತನ್ನ ಚಪಾತಿ ಭಾಜಿ ಮುಗಿಸಿ, ಗಲ್ಲಕ್ಕೆ ಕೈಕೊಟ್ಟು, ನನ್ನ ಪತ್ರೊಡೆ ಡಬ್ಬಿಯಿಂದ ಬಾಯಿಗೆ ಹೋಗುವ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸುತ್ತಾಳೆ, ಅಷ್ಟೆ. ನೋಡುತ್ತಿರುವವರಿಗೆ ಕೊಡದೆ ತಿಂದರೆ ಹೊಟ್ಟೆನೋವು ಬರುತ್ತದೆಂದು ನಂಬಿದ ಉಡುಪಿ ಕಡೆಯವಳು ನಾನು. ಕೊಟ್ಟೂ ಕೊಟ್ಟೂ ಅರೆಹೊಟ್ಟೆಯಲ್ಲೇ ಮನೆಗೆ ಬರುತ್ತಿದ್ದೆ.

ಮಗಳಲ್ಲಿ ಹೇಳಿಕೊಂಡೆ. ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಮಗಳು. "ಅರೆ ಮಮ್ಮಿ, ಇಸ್‌ಕೋ ಗ್ರೋಕ್ ಕರ್‌ನಾ ಬೋಲ್ತೇ ಹೈಂ" ಎಂದು ಮೊಬೈಲ್ ತೋರಿಸಿದಳು. ತನಗೂ ಕೊಟ್ಟಾರೆಂಬ ಆಸೆಯಿಂದ ಉಣ್ಣುವವರನ್ನು ಸುಮ್ಮನೆ ದಿಟ್ಟಿಸುವುದಕ್ಕೆ ಇಂಗ್ಲಿಷಿನಲ್ಲಿ ಹಿಂದೆ ಹಾಗೆನ್ನುತ್ತಿದ್ದರಂತೆ. ಸ್ಕಾಟ್ಲೆಂಡ್ ಕಡೆಯ ಮಾತು. ಊಟದ ಹೊತ್ತಿಗೆ ಬಂದು ಕೂರುವ ನಾಯಿಗಳಿಗೂ ಸಲ್ಲುತ್ತಿತ್ತು. ಅದಕ್ಕೂ ಹಿಂದೆ ಎಲ್ಲಿಂದ ಬಂತೆಂದು ಪಂಡಿತರಿಗೂ ಖಚಿತವಿಲ್ಲ. ಈಗ ಯಾರೂ ಬಳಸುವುದಿಲ್ಲವಂತೆ. ನೋಡುವವರು ಇಷ್ಟೊಂದು ಮಂದಿ ಇರುವಾಗ ಆ ಶಬ್ದವನ್ನು ಹೇಗೆ ಸಾಯಬಿಟ್ಟರೋ.

ಮರುದಿನ ಊಟಕ್ಕೆ ಕೂತಾಗ ಸುಲಭಾಳಿಗೆ ನಗುನಗುತ್ತಲೇ ಅರ್ಥ ಹೇಳಿದೆ. ನಾಯಿಯ ಸಂಗತಿಯನ್ನೂ ಬಿಡಲಿಲ್ಲ. ಅವಳು ನಗಲಿಲ್ಲ. "ಹಾಂ, ಬರೋಬರ್" ಎಂದು ಡಬ್ಬಿ ಮುಚ್ಚಿ ಎದ್ದವಳು ಮಾರನೆಯ ದಿನದಿಂದ ಕಿಟಕಿ ಪಕ್ಕದ ಮೇಜಿಗೆ ಹೋದಳು.

ನಾನು ಹೊಟ್ಟೆ ತುಂಬ ಉಂಡೆ. ಪತ್ರೊಡೆ ಮಾತ್ರ ಯಾಕೋ ರುಚಿಸಲಿಲ್ಲ. ಹುಳಿ ಸಾಲದು, ಖಾರ ಸಾಲದು ಎಂದು ತಿನ್ನುತ್ತಲೇ ತಪ್ಪು ಹುಡುಕುತ್ತಿದ್ದವಳು ಅವಳೇ. ಅವಳ ಅತ್ತೆಯ ಕಥೆ, ಕಲ್ಯಾಣ್ ಗಾಡಿಯಲ್ಲಿ ಸೀಟಿಗಾಗಿ ನಡೆದ ಜಗಳ, ಎಲ್ಲವೂ ಆ ಮೇಜಿಗೆ ಹೋಗಿದ್ದವು.

ಶುಕ್ರವಾರ ಅವಳು ಅಳೂವಡಿ ತಂದಿದ್ದಳು. ಅದೇ ಕೆಸುವಿನ ಎಲೆ, ಅದೇ ಸುರುಳಿ. ನಮ್ಮದರಲ್ಲಿ ಅಕ್ಕಿ, ಅವರದರಲ್ಲಿ ಕಡಲೆಹಿಟ್ಟು. ಗರಿಗರಿ ಸದ್ದು ನನ್ನವರೆಗೂ ಬಂತು. ನಾನು ನೋಡುತ್ತಿದ್ದುದು ಕ್ಯಾಲೆಂಡರನ್ನು. ಅದು ಅವಳ ಹಿಂದಿನ ಗೋಡೆಯಲ್ಲಿತ್ತು.

"ಏ ಶೆಟ್ಟಿ," ಎಂದಳು ಸುಲಭಾ, ತಲೆಯೆತ್ತದೆ, "ತೇರಾ ವೋ ಇಂಗ್ಲಿಷ್ ಶಬ್ದ ಕ್ಯಾ ಥಾ?"

"ಭೂಲ್ ಗಯೀ ಮಾರಾಯ್ತಿ" ಎಂದು ಮರೆತವಳಂತೆ ಹೇಳಿ, ನನ್ನ ಡಬ್ಬಿ ಹಿಡಿದುಕೊಂಡು ಹೋಗಿ ಅವಳೆದುರು ಕೂತೆ. ಅವಳು ಅಳೂವಡಿಯನ್ನು ನನ್ನ ಕಡೆ ಸರಿಸಿದಳು.

ಶಬ್ದಗಳು ಹೇಗೆ ಸಾಯುತ್ತವೆಂದು ಈಗ ನನ್ನನ್ನು ಕೇಳಿ, ಹೇಳುತ್ತೇನೆ.