ಕಬ್ಬಿನ ಡಿಎನ್‌ಎ ಮತ್ತು ನನ್ನ ಬಾಯಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನ್ನ ಕೆಲಸವೇ ಬೆಳೆಗಳ ರೋಗದ್ದು, ಮಾತಂತೂ ಮೊದಲೇ ಬರೋದಿಲ್ಲ. ಗಣಿ ಜೋರಾಗಿದ್ದ ಆ ಕಾಲದಲ್ಲಿ ಹೊಸಪೇಟೆಯ ನಮ್ಮ ಲ್ಯಾಬಿನಿಂದ ಹೊರಗೆ ಕಾಲಿಟ್ಟರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು.

೧. ಅಪ್ಪ ಯಾರು?

ಕಂಪ್ಲಿಯ ರೈತರೊಬ್ಬರ ಹೊಲದಲ್ಲಿ ನಾಲ್ಕೈದು ಕಬ್ಬಿನ ಬುಡ ಹುಲ್ಲಿನ ಹಾಗೆ ಬಿಳಿಚಿದ ಮೊಳಕೆ ಒಡೆದಿದ್ದವು. ಅವನ್ನು ಕಿತ್ತೆಸೆದಿದ್ದರು. ಉಳಿದದ್ದನ್ನು ಹೆಣ್ಣು ಕೊಟ್ಟ ಮೂರು ಮನೆಗಳಿಗೆ ಬಿತ್ತನೆಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಕೊಡಬಹುದೋ ಬಾರದೋ, ಅದನ್ನು ನಾನು ಹೇಳಬೇಕು.

"ಈ ರೋಗ ತರೋದು ಬ್ಯಾಕ್ಟೀರಿಯಾದಂಥ ಜೀವಿ, ಕಣ್ಣಿಗೆ ಕಾಣೋದಿಲ್ಲ. ಡಿಎನ್‌ಎ ಟೆಸ್ಟ್ ಮಾಡಬೇಕು" ಅಂದೆ.

ರೈತರ ಮುಖ ಕೆಂಪಾಯಿತು. "ಪೇಪರ್‌ನ್ಯಾಗ ಓದೀನ್ರಿ ಸರ. ಅಪ್ಪ ಯಾರಂತ ಗೊತ್ತಿಲ್ದವ್ರಿಗೆ ಅದನ್ನ ಮಾಡ್ತಾರ. ನಮ್ಮ ಕಬ್ಬು ಮರ್ಯಾದಸ್ತರ ಹೊಲದಾಗ ಹುಟ್ಟೈತ್ರಿ!"

೨. ಸ್ಯಾಂಪಲ್

ಹೇಗೋ ಅವರನ್ನು ಒಪ್ಪಿಸಿ, ಉಳಿದ ಕಬ್ಬಿನ ಎಲೆಗಳನ್ನು ಐಸ್ ಡಬ್ಬಿಯಲ್ಲಿಟ್ಟು ಬಸ್ ಹತ್ತಿದೆ. ಪಕ್ಕದವ ಏನದು ಅಂತ ಕೇಳಿದ. "ಸ್ಯಾಂಪಲ್" ಅಂದುಬಿಟ್ಟೆ. ಆಗ ನಮ್ಮ ಕಡೆ ಸ್ಯಾಂಪಲ್ ಅಂದರೆ ಅದಿರು, ಬೇರೆ ಅರ್ಥವೇ ಇರಲಿಲ್ಲ.

ಆತ ಹತ್ತಿರ ಸರಿದ. "ಸಂಡೂರಿಂದೇನ್ರಿ? ಗ್ರೇಡ್ ಎಷ್ಟ್ ಬಂತು?"

"ಕಬ್ಬಿನ ಎಲೆ ಮಾರಾಯಾ" ಅಂತ ಮುಚ್ಚಳ ತೆಗೆದೇ ತೋರಿಸಿದೆ.

ಬಗ್ಗಿ ನೋಡಿ ಕಣ್ಣು ಹೊಡೆದ. "ಮ್ಯಾಲೆ ಎಲಿ ಹೊಚ್ಚೀರಿ! ಭಾಳ ಹುಷಾರದೀರಿ ಬಿಡ್ರಿ."

೩. ಮಸ್ತ್ ಬಂತು

ಟೆಸ್ಟ್ ಮೂರು ಸಲ ಕೆಟ್ಟಿತು. ಒಮ್ಮೆ ಕರೆಂಟ್ ಹೋಯಿತು, ಎರಡು ಸಲ ನನ್ನ ಕೈಯೇ ತಪ್ಪಿತು. ರೈತರದು ದಿನಾ ಫೋನು: "ಬೀಗರು ಹೊಲ ಹಸನು ಮಾಡಿ ಕುಂತಾರ್ರಿ."

ನಾಲ್ಕನೇ ಸಲ ರೋಗದ ಡಿಎನ್‌ಎ ಗೆರೆ ಫಳಫಳ ಹೊಳೆಯಿತು. ಕೊನೆಗೂ ಟೆಸ್ಟ್ ಕೆಲಸ ಮಾಡಿತಲ್ಲ ಅಂತ ಕುಣಿದಾಡುವಷ್ಟು ಖುಷಿ ನನಗೆ. ತಕ್ಷಣ ಫೋನ್ ಹಚ್ಚಿ, "ಪಾಸಿಟಿವ್ ಬಂತ್ರಿ! ಮಸ್ತ್ ಬಂತು!" ಅಂದೆ. ಅವರೂ ನಕ್ಕು ಫೋನಿಟ್ಟರು.

ವಾರದ ಮೇಲೆ ಪೇಡೆ ಹಿಡಿದು ಬಂದರು. "ಮೂರೂ ಮನಿಗೆ ಕಬ್ಬು ಕಳಿಸ್ದೆ ಸರ, ನಾಟಿನೂ ಆತು."

ಕೈಗೆ ತಗೊಂಡಿದ್ದ ಪೇಡೆಯನ್ನು ಮೇಜಿನ ಮೇಲಿಟ್ಟೆ. ಪಾಸಿಟಿವ್ ಅಂದರೆ ರೋಗ ಇದೆ ಅಂತ, ಮೂರೂ ಹೊಲದ ಕಬ್ಬು ಕೀಳಿಸಬೇಕು ಅಂತ ತಡವರಿಸುತ್ತ ಹೇಳಿದೆ. ಅವರು ಬೆಂಚಿನ ಮೇಲೆ ಕೂತರು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಬೀಗರ ಮುಂದೆ ಅವರ ತಲೆ ತಗ್ಗಿಸಿದವ ನಾನೇ.

ಪೇಡೆ ಡಬ್ಬಿ ಪಕ್ಕಕ್ಕಿಟ್ಟು ಕೇಳಿದರು: "ರೋಗ ಇಲ್ಲ ಅಂತ ಬಂದಿದ್ರ ಹೆಂಗ ಹೇಳತಿದ್ರಿ?"

"ಈ ಸಲಾನೂ ಗೆರೆ ಬರಲಿಲ್ಲ ಅಂತ... ಬ್ಯಾಸರದಿಂದ" ಅಂತ ಬಾಯಿ ಜಾರಿತು.

ಅವರು ಬೆಂಚಿನಿಂದ ಎದ್ದು ನಿಂತರು.

"ಅಲ್ರೀ ಸರ, ನನ್ನ ಕಬ್ಬು ಚಲೋ ಇದ್ದಿದ್ರ ನೀವು ಅತ್ತೇ ಬಿಡ್ತಿದ್ರೇನು?"