ಎಂಟು ಬೈಟ್ ತೊಳೆದವಳು

ಅರ್ಧವಿರಾಮವೂ ಸೇರಿ ಮೂವತ್ತೆರಡು ಅಕ್ಷರ. ಕಂಪ್ಯೂಟರಿನ ಕರ್ನಲ್‌ಗೆ, ಎಂದರೆ ಉಳಿದೆಲ್ಲ ತಂತ್ರಾಂಶಗಳನ್ನೂ ದುಡಿಸುವ ಮೂಲ ತಂತ್ರಾಂಶಕ್ಕೆ, ನಾನು ಕಳಿಸಿದ ಮೊದಲ ತಿದ್ದುಪಡಿಯ ಉದ್ದ ಅಷ್ಟು. ಒಪ್ಪಿಗೆಯಾದರೆ ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯ ಒಂದು ಹೆಸರು ಅಲ್ಲಿ ಶಾಶ್ವತವಾಗಿ ಉಳಿಯುತ್ತಿತ್ತು. ವಾಟ್ಸಾಪಿಗೆ ಫೋಟೊ ಕೂಡ ಹಾಕದ ನನಗೆ ಆ ಹೆಸರಿನ ಮೇಲೆ ವಿಪರೀತ ಆಸೆಯಿತ್ತು.

ದೋಷ ಸರಳ. ಒಂದು ಕೆಲಸಕ್ಕೆ ಬಳಸಿದ ಮೆಮೊರಿಯನ್ನು ಸೊನ್ನೆ ಮಾಡದೆ ಇನ್ನೊಂದಕ್ಕೆ ಕೊಡಲಾಗುತ್ತಿತ್ತು. ಉಳಿದ ಕಸವನ್ನು ಓದಿ ಯಂತ್ರ ಆಗಾಗ ನಿಂತುಹೋಗುತ್ತಿತ್ತು. ರೇಷ್ಮೆಹುಳು ಸಾಕುವ ಅಮ್ಮನಿಗೆ ಇದನ್ನು ವಿವರಿಸಲು ಕಾಗದ, ಪೆನ್ನು ತಂದೆ. ಬೇಕಾಗಲಿಲ್ಲ.

“ಹಳೇ ಬೆಳೆ ಗಲೀಜು ತೊಳೀದೆ ಹೊಸ ಹುಳ ಬಿಟ್ಟವ್ರೆ. ಅಷ್ಟೇ ತಾನೆ?” ಎಂದಳು.

ಅಷ್ಟೇ! ನನಗೆ ಇಂಜಿನಿಯರಿಂಗಿನ ನಾಲ್ಕು ವರ್ಷ ಹಿಡಿದಿತ್ತು.

ಅಮ್ಮ ಒಬ್ಬಟ್ಟಿಗೆ ಬೇಳೆ ಬೇಯಲಿಟ್ಟು, ಕಾಂಪೌಂಡಿನಾಚೆಯ ಶಾಂತಕ್ಕನಿಗೆ ಸುದ್ದಿ ಮುಟ್ಟಿಸಿದಳು. ಸಂಜೆ ಶಾಂತಕ್ಕ ಹಾಲಿನ ಡೈರಿ ತಲುಪುವಷ್ಟರಲ್ಲಿ ನಾನು ಪ್ರಪಂಚದ ಕಂಪ್ಯೂಟರುಗಳನ್ನೆಲ್ಲ ಉಳಿಸಿದ್ದೆ. ಇದನ್ನು ತಕ್ಕಷ್ಟು ಜೋರಾಗಿ ನಿರಾಕರಿಸಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಅಷ್ಟರಲ್ಲಿ ಉತ್ತರ ಬಂತು. ತಿದ್ದುಪಡಿಗಳನ್ನು ಪರಿಶೀಲಿಸುವ ಹಿರಿಯರೊಬ್ಬರು, ಲೋಕವೆಲ್ಲ ಓದಬಹುದಾದ ಇಮೇಲ್ ಪಟ್ಟಿಯಲ್ಲಿ, ಬಹಳ ಮರ್ಯಾದೆಯಿಂದ ಕೇಳಿದ್ದರು: ಇದು ಮೊದಲ ಎಂಟು ಬೈಟುಗಳನ್ನು ಮಾತ್ರ ಸೊನ್ನೆ ಮಾಡುತ್ತದೆ, ಉಳಿದ ಇನ್ನೂರ ನಲವತ್ತರ ಗತಿಯೇನು?

ಸಾಲಿನಲ್ಲಿ ಒಂದು ನಕ್ಷತ್ರಚಿಹ್ನೆ (*) ಹಾಕಲು ಮರೆತಿದ್ದೆ. ಅದಿಲ್ಲದಿದ್ದರೆ ಎಷ್ಟು ತೊಳೆಯಬೇಕೆಂದು ಯಂತ್ರ ಅಳೆಯುವುದು ಮನೆಯನ್ನಲ್ಲ, ಮನೆಯ ವಿಳಾಸದ ಚೀಟಿಯನ್ನು. ಪರೀಕ್ಷೆ ಮಾಡಿದ್ದೆನಲ್ಲ? ಮಾಡಿದ್ದೆ, ಆಗಷ್ಟೇ ಚಾಲೂ ಮಾಡಿದ ಯಂತ್ರದಲ್ಲಿ. ಅಲ್ಲಿ ಕಸವೇ ಇರಲಿಲ್ಲ!

“ಯಾಕಮ್ಮ, ಮುಖ ಸಣ್ಣಗಾಯ್ತು?” ಎಂದು ಅಮ್ಮ ಕೇಳಿದಳು.

ಹೇಳಿದೆ. ಸೌಟು ಹಿಡಿದೇ ಯೋಚಿಸಿದಳು.

“ಅಂದ್ರೆ ಬಾಗಿಲು ಮಾತ್ರ ತೊಳ್ದು, ಹುಳದ ಮನೆ ತೊಳ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಂಗಾಯ್ತು ಕಣೇ.”

ಊರಿಗೆ ಹೇಳಿದ್ದು ಯಾರು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೂರಣವಾಗಬೇಕಿದ್ದ ಬೇಳೆ ಆ ದಿನ ಸಾರಾಯಿತು. ಸಾರು ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಮೆಮೊರಿಗೆ ನಾನೇ ಕೈಯಾರೆ ಕಸ ತುಂಬಿದೆ. ಹಳೆಯ ಸಾಲಿನೊಂದಿಗೆ ಯಂತ್ರ ನಿಂತುಹೋಯಿತು. ನಕ್ಷತ್ರ ಸೇರಿಸಿದೆ, ಏಳು ಸಲ ಓಡಿಸಿದರೂ ನಿಲ್ಲಲಿಲ್ಲ. ಮೂವತ್ತಮೂರು ಅಕ್ಷರ ಕಳಿಸಿದೆ. ಅರ್ಧ ಗಂಟೆಯಲ್ಲಿ ಅದೇ ಹಿರಿಯರು ಒಪ್ಪಿಕೊಂಡರು, ನನ್ನ ಹೆಸರಿನ ಸಮೇತ. ಹೆಸರಿದ್ದ ಆ ಸಾಲನ್ನು ಮೂರು ಸಲ ಓದಿ, ಆದಷ್ಟು ಗಂಭೀರವಾಗಿ ನಡೆದುಹೋಗಿ ಅಮ್ಮನಿಗೆ ತಿಳಿಸಿದೆ.

“ಒಳ್ಳೇದಾಯ್ತು ಕಣಮ್ಮ. ಬೇಳೆ ಮುಗ್ದೋಗೈತೆ,” ಎಂದು ಅಮ್ಮ ಬ್ಲೀಚಿಂಗ್ ಪುಡಿಯ ಬಕೆಟ್ಟು, ಬ್ರಷ್ಷು ಕೈಗಿತ್ತಳು. ಹೊಸ ಹುಳ ಬರುವುದಿತ್ತು.

ಹುಳದ ಮನೆಯನ್ನು ಹಿಂದಿನ ಮೂಲೆಯಿಂದ ತೊಳೆಯತೊಡಗಿದೆ.