ಅತ್ತೆಯ ಹೂಂ

"ಇನ್ಮ್ಯಾಲ ಟಿವಿ ಮುಂದ ಬಾಯಿ ತಕ್ಕೊಂಡು ಕುಂದ್ರೂ ಕಾಲ ಮುಗೀತು! ನಾವು ಹೇಳಿದಂಗ ಕಥಿ ತಿರಗತೈತಿ!" ಎಂದು ಕೊಪ್ಪಳದ ನಮ್ಮ ಶರಣಕುಮಾರ ಹೊಸ ಕಥೆಪೆಟ್ಟಿಗೆಯನ್ನು ಉತ್ಸವಮೂರ್ತಿಯ ಹಾಗೆ ಎತ್ತಿ ತಂದು ಪಡಸಾಲೆಯಲ್ಲಿಟ್ಟ. ಪೆಟ್ಟಿಗೆ ಕಥೆ ಹೇಳುತ್ತ ನಡುನಡುವೆ ಪ್ರಶ್ನೆ ಕೇಳುತ್ತದೆ, ಕೇಳುಗರ ಉತ್ತರದಂತೆ ಮುಂದುವರಿಯುತ್ತದೆ. ಕುಷ್ಟಗಿಯಿಂದ ಬಂದಿದ್ದ ಅತ್ತೆ ವಿರೂಪಾಕ್ಷಮ್ಮನವರಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಹುರುಪು ಅವನಿಗೆ.

"ಮದ್ಲ ಕಲ್ತು ಆಮ್ಯಾಲ ಹಚ್ರಿ," ಎಂದಳು ಹೆಂಡತಿ ಮಲ್ಲೇಶ್ವರಿ.

"ನಿನ್ನೇನ ಇದನ್ನ ಪಳಗಿಸೀನಿ!"

ಪಳಗಿಸಿದ್ದು ನಿಜ. "ನಿಮ್ಮ ಜೀವನದ ಒಂದು ಘಟನೆ ಹೇಳಿ, ಕಥೆ ಕಟ್ಟುತ್ತೇನೆ" ಎಂದು ಪೆಟ್ಟಿಗೆ ಕೇಳಿದಾಗ, ಮನೆಯಲ್ಲಿ ಯಾರೂ ಇಲ್ಲದ ಧೈರ್ಯದಲ್ಲಿ ಒಂದು ಗುಟ್ಟು ಹೇಳಿದ್ದ. ಹೇಳಿ ಮರೆತೂ ಬಿಟ್ಟಿದ್ದ!

ಈಗ ಗುಂಡಿ ಒತ್ತಿದೊಡನೆ ಪೆಟ್ಟಿಗೆಯ ಹೆಣ್ಣುದನಿ ಕೇಳಿತು: "ನಿನ್ನೆಯ ಕಥೆ ಹೇಳಲೇ?"

"ಹೂಂ," ಎಂದರು ವಿರೂಪಾಕ್ಷಮ್ಮ. ಕಥೆ ಕೇಳುವವರು ಹೂಂಗುಟ್ಟಲೇಬೇಕು, ಹೂಂ ನಿಂತರೆ ನಿದ್ದೆ ಹೋದರೆಂದೇ ಲೆಕ್ಕ. ಪೆಟ್ಟಿಗೆಗೆ ಮಾತ್ರ ಹೂಂ ಅಂದರೆ ಅಪ್ಪಣೆ!

"ಒಬ್ಬ ಅಳಿಯ. ಅತ್ತೆಗೆ ಕಣ್ಣಿನ ಆಪರೇಷನ್. ಅಂದು ಅವನು ಎಲ್ಲಿದ್ದ, ಹೇಳಲೇ?"

ಶರಣಕುಮಾರ ಧಡಕ್ಕನೆ ಎದ್ದ. "ಬ್ಯಾಡ! ಬ್ಯಾಡ!"

ಪೆಟ್ಟಿಗೆಗೆ ಪುಸ್ತಕದ 'ಬೇಡ' ಗೊತ್ತಿತ್ತೇ ಹೊರತು ನಮ್ಮ 'ಬ್ಯಾಡ' ಗೊತ್ತಿರಲಿಲ್ಲ.

"ಹೂಂ," ಎಂದರು ಅತ್ತೆ.

"ಆಫೀಸಿನಲ್ಲಿ ಆಡಿಟ್ ಎಂದು ಸುಳ್ಳು ಹೇಳಿ, ಗೆಳೆಯರ ಜೊತೆ ಗಂಗಾವತಿಗೆ ಸಿನಿಮಾ ನೋಡಲು ಹೋಗಿದ್ದ. ಇಂಟರ್ವಲ್‌ನಲ್ಲಿ ಏನು ತಿಂದ, ಹೇಳಲೇ?"

"ಹೂಂ."

"ಎರಡು ಪ್ಲೇಟ್ ಮಿರ್ಚಿ ಬಜ್ಜಿ!"

ಶರಣಕುಮಾರ ಹಾರಿ ಹೋಗಿ ವೈರು ಕಿತ್ತ. ಒಳಗೆ ಬ್ಯಾಟರಿ ಇತ್ತು! ಕರೆಂಟ್ ಹೋದರೂ ಕಥೆ ನಿಲ್ಲಬಾರದೆಂದು ಅಂಗಡಿಯಲ್ಲಿ ಹಟ ಹಿಡಿದು ಅದನ್ನೇ ಆರಿಸಿ ತಂದವನೂ ಇವನೇ.

"ಆಡಿಟ್ ಅಂದ್ರ ಇದೇನ್ರಿ?" ಮಲ್ಲೇಶ್ವರಿ ಗಂಡನತ್ತ ತಿರುಗಿದಳು. "ಕಣ್ಣಿಗಿ ಪಟ್ಟಿ ಕಟ್ಕೊಂಡು ಕುಂತಾಕಿ, ಹೆಜ್ಜಿ ಸಪ್ಪಳ ಆದಾಗೊಮ್ಮೆ 'ಅಳಿಯಾರು ಬಂದ್ರೇನ?' ಅಂತ ಕೇಳತಿದ್ಲು ನಮ್ಮವ್ವ!"

ಅವನಿಗೆ ಇದು ಗೊತ್ತೇ ಇರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅತ್ತೆಯ ಹೂಂ ಕೂಡ ನಿಂತಿತ್ತು. ಅವರು ನಿದ್ದೆ ಹೋಗಿರಲಿಲ್ಲ.

"ಅಳಿಯ ತಪ್ಪಾಯಿತೆಂದು ಒಪ್ಪಿಕೊಳ್ಳಬೇಕೇ?" ಪೆಟ್ಟಿಗೆ ಕೇಳಿತು.

"ಹೂಂ," ಎಂದ ಶರಣಕುಮಾರ, ನೆಲ ನೋಡುತ್ತ.

"ಕೇಳಿಸಲಿಲ್ಲ. ದಯವಿಟ್ಟು ಜೋರಾಗಿ ಹೇಳಿ."

"ನನಗ ಕೇಳಿಸ್ತು ಬಿಡವಾ," ಎಂದರು ವಿರೂಪಾಕ್ಷಮ್ಮ ಪೆಟ್ಟಿಗೆಗೆ. "ಸಿನಿಮಾ ಆದ್ರೂ ಛಲೋ ಇತ್ತೇನಂತ ಅವರ್ನ ಕೇಳು."